ಹದಿಮೂರು ಪೆಟ್ಟು

ಹಮ್ಮಣ್ಣನಿಗೆ ಕಿವಿ ಮುಚ್ಚಿಕೊಳ್ಳುವುದು ಬರುತ್ತಿರಲಿಲ್ಲ. ಅಂಕೋಲೆಯ ಪೇಟೆಯಲ್ಲಿ ಇಪ್ಪತ್ತೆಂಟು ವರ್ಷ ಟೈಪಿಂಗ್ ಕ್ಲಾಸು ನಡೆಸಿದವನಿಗೆ ಅನ್ನ ಹಾಕಿದ್ದೇ ಕಿವಿ. ವಿದ್ಯಾರ್ಥಿಗಳಿಗೆ ಬೆನ್ನು ಹಾಕಿ, ಕಿಟಕಿಯಾಚೆಯ ರಸ್ತೆ ನೋಡುತ್ತ ಕೂತು, ಎಂಟು ಯಂತ್ರಗಳ ಗದ್ದಲದ ನಡುವೆಯೂ 'ಐದನೇ ಮಶಿನು, ಕಿರುಬೆರಳು ಸೋಮಾರಿಯಾಗಿದೆ' ಎಂದು ಹೇಳಬಲ್ಲವನಾಗಿದ್ದ. ಹೊಸದಾಗಿ ಸೇರಿದವರು ಬೆಚ್ಚಿಬೀಳುತ್ತಿದ್ದರು. ಮಾಸ್ತರರಿಗೆ ಬೆನ್ನಲ್ಲೂ ಕಣ್ಣಿದೆಯೆಂಬ ಮಾತು ಊರಲ್ಲಿ ಹಬ್ಬಿದಾಗ ಅವನು ತಿದ್ದಲು ಹೋಗಲಿಲ್ಲ, ಒಳಗೊಳಗೇ ಹಿಗ್ಗಿದ. ತೊಂಬತ್ತೆಂಟರ ಈ ನವೆಂಬರಿನಲ್ಲಿ ಎಂಟರಲ್ಲಿ ಆರು ಯಂತ್ರಗಳು ರೆಕ್ಸಿನ್ ಮುಸುಕು ಹಾಕಿಕೊಂಡು ಕೂತಿದ್ದವು. ಬೆಳಗಿನ ಬ್ಯಾಚಿಗೆ ಬರುವವರು ಇಬ್ಬರೇ: ಕೋರ್ಟಿನಲ್ಲಿ ಕೆಲಸ ಸಿಕ್ಕೀತೆಂದು ಕೇಣಿಯಿಂದ ಸೈಕಲ್ಲಿನಲ್ಲಿ ಬರುವ ಮಂಜು, ಮದುವೆ ಗೊತ್ತಾಗುವ ತನಕ ಸುಮ್ಮನೆ ಕೂರಬಾರದೆಂದು ಅಪ್ಪ ಕಳಿಸಿದ ಗಾಯತ್ರಿ. ಇಬ್ಬರ ಕೈಯೂ ಆ ಕಿವಿಗೆ ಸಾಕಾಗುವಂಥದ್ದಲ್ಲ. ಕೆಲಸವಿಲ್ಲದ ಕಿವಿ ಹಲಗೆಯಾಚೆ ಹೋಗುತ್ತಿತ್ತು.

ಹಲಗೆಯಾಚೆ ಮಗಳು ದೀಪಾಲಿಯ ಕೋಣೆ. ಮನೆಯ ಮುಂದಿನ ದೊಡ್ಡ ಕೋಣೆಯನ್ನೇ ಹಲಸಿನ ಹಲಗೆ ಹೊಡೆದು ಎರಡು ಮಾಡಿದ್ದು. ಈಚೆ ಕ್ಲಾಸು, ಆಚೆ ಅವಳು. ಮಡಗಾಂವಿನಲ್ಲಿ ಕೆಲಸಕ್ಕಿರುವ ಅವಳ ಕಾಶಿಮಾಮ ತನ್ನ ಆಫೀಸಿನವರು ತೆಗೆದುಹಾಕಿದ ಕಂಪ್ಯೂಟರೊಂದನ್ನು ದೀಪಾವಳಿಯ ಮೊದಲೇ ತಂದುಕೊಟ್ಟಿದ್ದ. ಅಂದಿನಿಂದ ದಿನಾ ಬೆಳಿಗ್ಗೆ, ಎಂಟೂವರೆಯ ಕಾರವಾರದ ಬಸ್ಸಿಗೆ ಹೊರಡುವ ಮೊದಲು, ಅವಳು ಅರ್ಧ ತಾಸು ಅದರ ಮುಂದೆ ಕೂತು ಏನೋ ಬರೆಯುತ್ತಿದ್ದಳು. ಏನು ಬರೀತಿ ತಂಗೀ ಎಂದು ಹಮ್ಮಣ್ಣ ಒಮ್ಮೆ ಮುದ್ದಿನಿಂದ ಕೇಳಿದ್ದಕ್ಕೆ, ಸುಮ್ಮನೆ, ಕೈ ತಿರುಗಲಿ ಹೇಳಿ ಅಂದಿದ್ದಳು. ಅದು ಸುಳ್ಳೆಂದು ಅವನ ಕಿವಿ ಆಗಲೇ ಹೇಳಿತು. ಕೈ ತಿರುಗಲೆಂದು ಹೊಡೆಯುವವರ ಪೆಟ್ಟು ಒಂದೇ ಸಮ ಇರುತ್ತದೆ. ಇವಳದ್ದು ಓಡುತ್ತಿತ್ತು, ನಿಲ್ಲುತ್ತಿತ್ತು, ಬಹಳ ಹೊತ್ತು ಸುಮ್ಮನಿದ್ದು ಮತ್ತೆ ಒಮ್ಮೆಲೇ ಸುರಿಯುತ್ತಿತ್ತು. ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡವರು ಮಾತ್ರ ಹಾಗೆ ಹೊಡೆಯುತ್ತಾರೆ.

ಅಷ್ಟಕ್ಕೇ ಅವನು ಕಳ್ಳನಾಗುತ್ತಿರಲಿಲ್ಲವೇನೋ. ಆದರೆ ಅಕ್ಟೋಬರಿನ ಒಂದು ಸಂಜೆ ಅವಳು ಬರಿಗಾಲಲ್ಲಿ ಮನೆಗೆ ಬಂದಳು. ಚಪ್ಪಲಿಯ ಪಟ್ಟಿ ಬಸ್ಸಿನಲ್ಲಿ ಕಿತ್ತುಹೋಯಿತು, ಅಲ್ಲೇ ಬಿಟ್ಟುಬಂದೆ ಎಂದಳು. ಅವಳ ಅಮ್ಮ ಹೀರಾ ಅಂಗಾಲು ನೋಡಿ, ಬೊಬ್ಬೆ ಎದ್ದಿದೆಯೆಂದು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರೆ, ಹಮ್ಮಣ್ಣ ನಿಂತುಕೊಂಡು ಬೈದ. ಕಿತ್ತುಹೋದರೆ ಹೊಲಿಸಬಹುದಿತ್ತು, ಎತ್ತಿಕೊಂಡು ಬರಲಿಕ್ಕೆ ಕೈಗೇನಾಗಿತ್ತು, ಅಪ್ಪನ ದುಡಿಮೆ ನಿನಗೆ ಆಟವಾಗಿದೆ. ಅಂದು ಅವನಿಗೆ ಯಾರ ಮೇಲಾದರೂ ಕೂಗಬೇಕಾಗಿತ್ತು, ಕೂಗಿದ. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ಮಾತು ಎದುರಾಡಲಿಲ್ಲ. ಆ ಸುಮ್ಮನಿರುವಿಕೆಯೇ ಅವನನ್ನು ಕಡಿಯತೊಡಗಿತು. ಎದುರುತ್ತರ ಕೊಡುವ ಹುಡುಗಿ ಯಾಕೆ ಸುಮ್ಮನಾದಳು? ಬಸ್ಸಿನಲ್ಲಿ ಕೂತು ಬಂದವಳ ಅಂಗಾಲಿಗೆ ಬೊಬ್ಬೆ ಹೇಗೆ ಬಂತು? ಕಾರವಾರದ ಕಾಲೇಜಿನ ಹುಡುಗ ಹುಡುಗಿಯರು ಕ್ಲಾಸು ತಪ್ಪಿಸಿ ದೇವಬಾಗದ ಕಡಲದಂಡೆಗೆ ಹೋಗುತ್ತಾರೆಂದು ಯಾರೋ ಬಸ್ಸಿನಲ್ಲಿ ಆಡಿದ ಮಾತು ನೆನಪಾಯಿತು. ಸುಡುವ ಮರಳು, ಬಿಟ್ಟುಬಂದ ಚಪ್ಪಲಿ, ಪಕ್ಕದಲ್ಲೊಬ್ಬ. ಮರುವಾರ ಅವನೇ ಹೊಸ ಚಪ್ಪಲಿ ಕೊಡಿಸಿದ. ಆಮೇಲೆ ದಿನಾ ಸಂಜೆ, ಅವಳು ಒಳಗೆ ಕೈಕಾಲು ತೊಳೆಯುವಾಗ, ಆ ಚಪ್ಪಲಿಗಳನ್ನು ಎತ್ತಿ ಜಗಲಿಯ ಅಂಚಿಗೆ ಬಡಿದು ಮರಳು ಉದುರುತ್ತದೆಯೋ ಎಂದು ನೋಡುತ್ತಿದ್ದ. ಒಂದು ದಿನ ಹೀರಾ ಬಾಗಿಲಲ್ಲಿ ನಿಂತು, ಎಂತಾ ಮಾಡ್ತೀರಿ ಅಲ್ಲಿ ಎಂದು ಕೇಳಿದಳು. ಚೇಳು ಹೊಕ್ಕಂತಾಯ್ತು ಎಂದ. ಐವತ್ಮೂರು ವರ್ಷದ ಗಂಡಸು, ಕೈಯಲ್ಲಿ ಮಗಳ ಚಪ್ಪಲಿ. ಮರಳು ಮಾತ್ರ ಒಂದು ಕಾಳೂ ಉದುರಲಿಲ್ಲ.

ಅವಳು ಬರೆಯುವ ಕಡತಕ್ಕೆ ಬೀಗವಿತ್ತು. ತೆರೆಯುವಾಗ ಒಂದು ಗುಟ್ಟಿನ ಪದ ಕೇಳುತ್ತದೆ, ಅದನ್ನು ಹೊಡೆಯದೆ ಅದು ಬಾಯಿ ಬಿಡುವುದಿಲ್ಲ. ಇದನ್ನು ಅವಳೇ ಹೀರಾಳಿಗೆ ಸಂಭ್ರಮದಿಂದ ವಿವರಿಸಿದ್ದು ಅವನಿಗೆ ಕೇಳಿಸಿತ್ತು. ಹಲಗೆಯಾಚೆಯಿಂದ ದಿನಾ ಬೆಳಿಗ್ಗೆ ಮೊದಲು ಬರುತ್ತಿದ್ದ ಸದ್ದು ಆರು ಪೆಟ್ಟಿನದು. ಮೊದಲ ದಿನವೇ ಅವನಿಗೆ ಅದು ಯಾವುದೆಂದು ಗೊತ್ತಾಯಿತು. ಗೊತ್ತಾಯಿತೆಂದು ಒಪ್ಪಿಕೊಳ್ಳಲು ಒಂದು ವಾರ ಹಿಡಿಯಿತು. ಎಡಗೈಯ ಕಿರುಬೆರಳು, ಉಂಗುರ ಬೆರಳು, ನಡುಬೆರಳು, ತೋರುಬೆರಳು, ಅದೇ ತೋರುಬೆರಳು ಒಂದು ಮನೆ ಪಕ್ಕಕ್ಕೆ ಚಾಚಿ, ಮತ್ತೆ ತನ್ನ ಮನೆಗೆ. ಎ ಎಸ್ ಡಿ ಎಫ್ ಜಿ ಎಫ್. ಟೈಪಿಂಗ್ ಕ್ಲಾಸಿನ ಹೊಸ್ತಿಲು ದಾಟಿದವರೆಲ್ಲ ಮೊದಲ ದಿನ ಹೊಡೆಯುವ ಪಾಠ. ಎಡಗೈ ಮುಗಿಸಿ, ಹೆಬ್ಬೆರಳಿನಿಂದ ಒಂದು ಖಾಲಿ ಬಿಟ್ಟು, ಬಲಗೈಯ ಕಿರುಬೆರಳಿನಿಂದ ಅದೇ ಆಟ: ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಒಂಬತ್ತು ವರ್ಷದ ದೀಪಾಲಿಯನ್ನು ಮೂರನೇ ಯಂತ್ರದ ಮುಂದೆ ಎರಡು ದಿಂಬು ಹಾಕಿ ಕೂರಿಸಿ, ಕೀಗಳ ಮೇಲೆ ಟವೆಲು ಮುಚ್ಚಿ, ಅವನೇ ಕಲಿಸಿದ್ದು. ಕ್ಲಾಸಿನೊಳಗೆ ಅಪ್ಪ ಅನ್ನುವ ಹಾಗಿರಲಿಲ್ಲ, ಸರ್ ಅನ್ನಬೇಕಿತ್ತು. ಹಾಳೆ ತುಂಬಿದ ಮೇಲೆ ಅವಳೂ ಉಳಿದವರ ಹಾಗೆ ಸಾಲಿನಲ್ಲಿ ನಿಂತು, ತಪ್ಪಿಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿಸಿಕೊಂಡು, ಕೆಳಗೆ ಸಹಿ ಮತ್ತು ತಾರೀಖು ಪಡೆದೇ ಹೋಗುತ್ತಿದ್ದಳು. ಸಹಿಯಿಲ್ಲದ ಹಾಳೆ ಅಭ್ಯಾಸಕ್ಕೆ ಸೇರುವುದಿಲ್ಲ ಎಂಬುದು ಅವನ ಕ್ಲಾಸಿನ ಕಾಯಿದೆ. ಮಗಳು ತನ್ನ ಗುಟ್ಟಿಗೆ ಅವನ ಮೊದಲ ಪಾಠವನ್ನೇ ಬೀಗ ಮಾಡಿದ್ದಳು. ಅಪ್ಪ ಕಿವಿಗೊಟ್ಟು ಕೂರುತ್ತಾನೆಂದು ಅವಳ ಮನಸ್ಸಿಗೆ ಬಂದೇ ಇರಲಿಲ್ಲ.

ಇವತ್ತು ಬೆಳಿಗ್ಗೆ ಅವಳು ಹೋದಳು. ಹತ್ತು ಗಂಟೆಗೆ ಮಂಜುವೂ ಗಾಯತ್ರಿಯೂ ಹಾಳೆಗೆ ಸಹಿ ಹಾಕಿಸಿಕೊಂಡು ಎದ್ದರು. ಹೀರಾ ಚೀಲ ಹಿಡಿದು ಮೀನುಪೇಟೆಗೆ ಹೊರಟಳು. ಬಂಗಡೆ ಬಂದಿದೆಯಂತೆ, ಬೇಗ ಬರುತ್ತೇನೆ ಅಂದಳು. ಹಮ್ಮಣ್ಣ ಸ್ವಲ್ಪ ಹೊತ್ತು ಕಿಟಕಿಯಲ್ಲೇ ಕೂತಿದ್ದ. ತಂದೆಯಾದವನಿಗೆ ಗೊತ್ತಿರಬೇಡವೇ ಎಂದು ತನಗೇ ಹೇಳಿಕೊಂಡ. ಈ ಮಾತನ್ನು ಹದಿನೈದು ದಿನಗಳಿಂದ ಹೇಳಿಕೊಳ್ಳುತ್ತಿದ್ದ, ಸವೆದುಹೋಗಿತ್ತು. ಎದ್ದು ಒಳಗೆ ಹೋದ. ಕುರ್ಚಿಯ ಬೆನ್ನಿಗೆ ಅವಳ ಓಢಣಿ ಇತ್ತು. ಅದಕ್ಕೆ ತಾಗದಂತೆ ತುದಿಯಲ್ಲಿ ಕೂತ. ಕಂಪ್ಯೂಟರು ಗುರ್ ಎನ್ನುತ್ತ ಎಚ್ಚರಗೊಳ್ಳಲು ಮೂರು ನಿಮಿಷ ತೆಗೆದುಕೊಂಡಿತು. ಎದ್ದು ಹೋಗಲು ಆ ಮೂರು ನಿಮಿಷ ಸಾಕಿತ್ತು. ಅವನು ಹೋಗಲಿಲ್ಲ. ಗುಟ್ಟಿನ ಪದ ಕೇಳಿತು, ಎಡಗೈ ತಾನಾಗಿ ಹೊಡೆಯಿತು, ಬಾಗಿಲು ತೆರೆಯಿತು.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಮನೆಯಲ್ಲಿ ಆಡುವ ಕನ್ನಡವೇ. ಮೊದಮೊದಲು ಓದಲು ತಡವಾಯಿತು, ಆಮೇಲೆ ಅವಳ ದನಿಯೇ ಕೇಳಿಸತೊಡಗಿತು. ತಲೆಗೂದಲು ಉದುರುತ್ತಿದೆ. ಲೆಕ್ಕಶಾಸ್ತ್ರದ ಮೇಡಮ್ಮಿಗೆ ತನ್ನನ್ನು ಕಂಡರಾಗುವುದಿಲ್ಲ. ಗೆಳತಿ ಸ್ವಾತಿ ಮಾತು ಬಿಟ್ಟು ನಾಲ್ಕು ದಿನವಾಯಿತು, ತಪ್ಪು ತನ್ನದೇ, ಆದರೆ ಮೊದಲು ಮಾತಾಡುವುದು ತಾನಲ್ಲ. ಅಮಿತ ಎಂಬೊಂದು ಹೆಸರು ಬಂದಾಗ ಹಮ್ಮಣ್ಣ ಆ ಸಾಲನ್ನು ಎರಡು ಸಲ ಓದಿದ. ಮುಖ ಪರದೆಗೆ ಹತ್ತಿರ ಹೋಯಿತು. ಆ ಹುಡುಗ ನೋಟ್ಸು ಕೊಟ್ಟಿದ್ದ, ಆಡಿನ ಹಾಗೆ ನಗುತ್ತಾನೆ, ಅಷ್ಟೇ. ಮುಂದಿನ ನಾಲ್ಕು ಪುಟದಲ್ಲಿ ಅವನ ಸುಳಿವೇ ಇಲ್ಲ. ಹಮ್ಮಣ್ಣನಿಗೆ ಆದದ್ದು ಸಮಾಧಾನವಲ್ಲ. ಅವನಿಗೆ ನಿರಾಶೆಯಾಯಿತು. ತನ್ನ ಮಗಳು ಕೆಟ್ಟಿಲ್ಲವೆಂದು ನಿರಾಶೆಪಟ್ಟೆನೇ ಎಂದು ನಾಚಿಕೆಯಾಯಿತು, ಆದರೂ ಬೆರಳು ಪುಟ ತಳ್ಳುತ್ತಲೇ ಹೋಯಿತು, ಕಡೆಯ ಪುಟದ ತನಕ. ಅಲ್ಲಿ ಇವತ್ತು ಬೆಳಿಗ್ಗೆ ಬರೆದದ್ದಿತ್ತು.

'ಬರೆಯೂದೋ ಬೇಡವೋ ಹೇಳಿ ತಿಂಗಳಾಯ್ತು. ಇವತ್ತು ಬರೆದು ಮುಗಿಸ್ತೆ. ಆ ದಿವಸ ಕಾಲೇಜಿಗೆ ಅರ್ಧ ದಿನ ರಜೆ ಕೊಟ್ರು, ನಾ ಸೆಂಟರಿಗೆ ಬೇಗ ಹೋದೆ. ಒಳಗೆ ಕೂತು ಗಾಜಿನಿಂದ ನೋಡ್ತೆ, ಹೊರಗೆ ಅಪ್ಪ. ಚಪ್ಪಲಿ ಬಿಡುವಲ್ಲಿ ಬೆಂಚಿದೆಯಲ್ಲ, ಅಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೊಣಕಾಲ ಮೇಲೆ ಫೈಲು. ನನ್ನ ಚಪ್ಪಲಿ ಅವನ ಕಾಲ ಬುಡದಲ್ಲೇ ಇತ್ತು, ಅವನಿಗೆ ಗುರುತು ಸಿಗಲಿಲ್ಲ. ಒಂದೂವರೆ ತಾಸು ಕೂತಿದ್ದ. ಸಂದೀಪ ಸರ್ ಒಳಗೆ ಫೋನಿನಲ್ಲಿ ನಗಾಡ್ತಿದ್ರು. ನಾ ಹೊರಗೆ ಹೋದ್ರೆ ಅಪ್ಪ ನನ್ನ ನೋಡ್ತಾನೆ. ನಾ ನೋಡಿದೆ ಹೇಳಿ ಗೊತ್ತಾದ್ರೆ ಅವನಿಗೆ ಮುಂದೆ ನನ್ನ ಮುಖ ನೋಡೂಕಾಗೂದಿಲ್ಲ. ಹಿಂದಿನ ಮೆಟ್ಟಿಲಿಂದ ಇಳಿದು ಬರಿಗಾಲಲ್ಲಿ ಬಸ್ ಸ್ಟ್ಯಾಂಡಿಗೆ ಬಂದೆ. ಡಾಂಬರು ಸುಡ್ತಿತ್ತು. ಮನೆಯಲ್ಲಿ ಅಪ್ಪ ಬೈದ. ಬೈದದ್ದು ಚಲೋ ಆಯ್ತು. ಬೈಯುವಾಗ ಅವ ಮೊದಲಿನ ಹಾಗೇ ಇದ್ದ.'

ಸಂದೀಪ ಇದೇ ಕ್ಲಾಸಿನ ನಾಲ್ಕನೇ ಯಂತ್ರದಲ್ಲಿ ಕಲಿತವನು. ಈಗ ಕಾರವಾರದಲ್ಲಿ ಕಂಪ್ಯೂಟರ್ ಸೆಂಟರು ಇಟ್ಟಿದ್ದ, ಕಾಲೇಜು ಬಿಟ್ಟ ಮೇಲೆ ದೀಪಾಲಿ ಕಲಿಯಲು ಹೋಗುತ್ತಿದ್ದದ್ದು ಅಲ್ಲಿಗೇ. ಒಳಗೆ ತಂಪು ಗಾಳಿ, ಚಪ್ಪಲಿ ಬಿಟ್ಟು ಹೋಗಬೇಕು. ಅಂದು ಹಮ್ಮಣ್ಣ ಪರೀಕ್ಷೆಯ ಕಾಗದಪತ್ರಕ್ಕೆಂದು ಮನೆಯಲ್ಲಿ ಹೇಳಿ, ಮಗಳು ಕಾಲೇಜಿನಲ್ಲಿರುವ ಹೊತ್ತು ನೋಡಿಕೊಂಡೇ ಅಲ್ಲಿಗೆ ಹೋಗಿದ್ದ. ಹೊಸ ಹುಡುಗರಿಗೆ ಕೀಬೋರ್ಡಿನ ಮೇಲೆ ಬೆರಳಿಡುವುದನ್ನಾದರೂ ತಾನು ಕಲಿಸಬಹುದಲ್ಲ ಎಂದು ಕೇಳಲು. ಕೊನೆಗೆ ಹೊರಬಂದ ಸಂದೀಪ ಕಾಲಿಗೆ ನಮಸ್ಕಾರ ಮಾಡಿದ. ಅದನ್ನೆಲ್ಲ ಈಗ ಸಾಫ್ಟ್‌ವೇರೇ ಕಲಿಸುತ್ತದೆ ಸರ್, ಒಂದು ಚಾ ಕುಡಿದು ಹೋಗಿ ಎಂದ. ಮರ್ಯಾದೆಗೇನೂ ಕಡಿಮೆಯಾಗಲಿಲ್ಲ. ಹಮ್ಮಣ್ಣ ಚಾ ಕುಡಿದ. ಬಸ್ಸಿಗೆ ಹೊತ್ತಿದ್ದರೂ ಸಮುದ್ರದಂಡೆಯಲ್ಲಿ ಫೈಲು ಹಿಡಿದು ಬಹಳ ಹೊತ್ತು ತಿರುಗಿದ. ಇದು ತನಗೊಬ್ಬನಿಗೇ ಗೊತ್ತಿರುವ ವಿಷಯ ಎಂಬುದೊಂದೇ ಅವನಿಗೆ ಉಳಿದಿದ್ದ ಆಸರೆ. ಮನೆಗೆ ಬಂದು ನೋಡಿದರೆ ಮಗಳು ಬರಿಗಾಲಲ್ಲಿ ನಿಂತಿದ್ದಳು. ಆ ಬೆಂಚಿನ ಬುಡದಲ್ಲಿ ಅವನು ಕಾಲಾಡಿಸುತ್ತ ಒಂದು ಜೊತೆ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿದ್ದು ಈಗ ನೆನಪಾಯಿತು. ಕಂದು ಬಣ್ಣದ್ದು, ಎಡಗಾಲಿನ ಹಿಮ್ಮಡಿ ಸವೆದದ್ದು.

ಕಣ್ಣು ಮುಚ್ಚಿ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಕೀಗಳ ಮೇಲೆಯೇ ಇಟ್ಟಿದ್ದ. ಎಷ್ಟು ಹೊತ್ತು ಹಾಗೆ ಕೂತನೋ. ಹಿತ್ತಲ ಬೇಲಿಯ ದಣಪೆ ಸರಿಸಿದ ಸದ್ದಾಯಿತು, ಹೀರಾ ಬೆಕ್ಕನ್ನು ಗದರಿಸುತ್ತ ಬರುತ್ತಿದ್ದಳು. ಗಡಬಡಿಸಿ ಕಡತ ಮುಚ್ಚಲು ಹೋದರೆ ಯಂತ್ರ ಒಂದು ಪ್ರಶ್ನೆ ಕೇಳಿತು: ಬದಲಾದದ್ದನ್ನು ಉಳಿಸಿಕೊಳ್ಳಬೇಕೋ ಬೇಡವೋ. ತಾನೇನೂ ಬದಲಿಸಿಲ್ಲವಲ್ಲ. ಬೇಡವೆಂದರೆ ಅವಳು ಬರೆದದ್ದೆಲ್ಲ ಹೋಗಿಬಿಟ್ಟರೆ? ಅವನ ಯಂತ್ರಗಳು ಪ್ರಶ್ನೆ ಕೇಳುವಂಥವಲ್ಲ. ಅಲ್ಲಿ ಹೊಡೆದದ್ದು ಹೊಡೆದದ್ದೇ. ಹೌದು ಎಂದು ಒತ್ತಿದ. ಆಮೇಲೆ ಎಲ್ಲವನ್ನೂ ಆರಿಸಿ, ಓಢಣಿ ಇದ್ದ ಹಾಗೇ ಇದೆಯೋ ಎಂದು ನೋಡಿ, ಕ್ಲಾಸಿಗೆ ಬಂದು ಕೂತ.

ಮಧ್ಯಾಹ್ನ ಬಂಗಡೆಯ ಸಾರು ಬಟ್ಟಲಲ್ಲೇ ಬಿಟ್ಟು ಎದ್ದ. ಜ್ವರ ಗಿರ ಬಂತೋ ಎಂದು ಹೀರಾ ಹಣೆ ಮುಟ್ಟಿದಳು. ಅವನಿಗೆ ಅತ್ತುಬಿಡಬೇಕೆನಿಸಿತು. ತನ್ನ ಮಾನ ಮುಚ್ಚಲು ಹತ್ತೊಂಬತ್ತರ ಹುಡುಗಿ ಸುಡುವ ಡಾಂಬರಿನ ಮೇಲೆ ನಡೆದಿದ್ದಳು, ಸುಳ್ಳು ಹೇಳಿದ್ದಳು, ಬೈಸಿಕೊಂಡಿದ್ದಳು. ಅದನ್ನೇ ನೆವ ಮಾಡಿಕೊಂಡು ಅವನು ಚಪ್ಪಲಿ ಬಡಿದು ಮರಳು ಹುಡುಕಿದ್ದ. ಯಾರಾದರೂ ಹಿಡಿದು ಎರಡು ಬಿಗಿದಿದ್ದರೆ ಹಗುರಾಗುತ್ತಿತ್ತು. ಆದರೆ ಯಾರಿಗೂ ಗೊತ್ತಿರಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ ಎಂದುಕೊಂಡ. ಹಾಗೆ ಅಂದುಕೊಂಡಾಗ ಎಲ್ಲೋ ಸ್ವಲ್ಪ ನೆಮ್ಮದಿಯೂ ಆಯಿತು. ಅಷ್ಟು ಬೇಗ ನೆಮ್ಮದಿಯಾದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಂಜೆ ಆರಕ್ಕೆ ದೀಪಾಲಿ ಬಂದಳು. ಚಪ್ಪಲಿ ಜಗಲಿಯಲ್ಲಿ ಬಿಟ್ಟಳು. ಅವನು ಆ ಕಡೆ ನೋಡಲಿಲ್ಲ. ಸ್ವಾತಿ ತಾನಾಗಿಯೇ ಮಾತಾಡಿಸಿದಳೆಂದು ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳುತ್ತ ಚಾ ಕುಡಿದಳು. ಅದನ್ನೇ ಬರೆಯಲಿಕ್ಕೇನೋ, ಇವತ್ತು ಸಂಜೆಯೂ ಕೋಣೆಗೆ ಹೋಗಿ ಕಂಪ್ಯೂಟರು ಹಾಕಿದಳು. ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಎದ್ದು ಪೇಟೆಗಾದರೂ ಹೋಗೋಣವೆಂದು ಹಮ್ಮಣ್ಣ ಅಂಗಿ ಹುಡುಕುತ್ತಿದ್ದಾಗ ಆರು ಪೆಟ್ಟು ಕೇಳಿಸಿದವು. ಆಮೇಲೆ ಏನೂ ಇಲ್ಲ. ಓಡುವ ಕೈ ಓಡಲಿಲ್ಲ. ಅವನು ಅಂಗಿಯನ್ನು ಕೈಯಲ್ಲೇ ಹಿಡಿದು ನಿಂತ. ಬಹಳ ಹೊತ್ತಾದ ಮೇಲೆ ಒಂದು ಪೆಟ್ಟು ಬಂತು, ಬಲಗಡೆಯ ಮೇಲ್ಮೂಲೆಯ ಕೀ, ಹೊಡೆದದ್ದನ್ನು ಹಿಂದಕ್ಕೆ ಅಳಿಸುವಂಥದ್ದು. ಇನ್ನೊಂದು. ಮತ್ತೊಂದು. ಒಂದೇ ಬೆರಳು, ನಿಧಾನ, ನಡುವೆ ಸಮನಾದ ಬಿಡುವು. ಎಣಿಸಬಾರದೆಂದುಕೊಂಡರೂ ಕಿವಿ ಎಣಿಸಿತು. ಹದಿಮೂರಕ್ಕೆ ನಿಂತಿತು.

ಹದಿಮೂರು. ಆರು, ಖಾಲಿ ಒಂದು, ಮತ್ತೆ ಆರು. ಹಮ್ಮಣ್ಣ ಹತ್ತಿರದ ಸ್ಟೂಲಿನ ಮೇಲೆ ಕೂತ. ಬೆಳಿಗ್ಗೆ ಅವಳ ಬರಹದ ಮುಂದೆ ಕಣ್ಣು ಮುಚ್ಚಿ ಕೂತಾಗ ಕೈ ಸುಮ್ಮನಿರಲಿಲ್ಲ. ಕೀಗಳ ಮೇಲೆ ಇಟ್ಟ ಕೈ ಇಪ್ಪತ್ತೆಂಟು ವರ್ಷದಿಂದ ಏನು ಮಾಡುತ್ತ ಬಂದಿದೆಯೋ ಅದನ್ನೇ ಮಾಡಿತ್ತು, ಮೊದಲ ಪಾಠದ ಒಂದು ಸಾಲು. ಎಂಟು ಯಂತ್ರಗಳಲ್ಲಿ ಯಾರ ಬೆರಳು ತಪ್ಪಿತೆಂದು ಹೇಳಬಲ್ಲ ಕಿವಿಗೆ ತನ್ನದೇ ಬೆರಳಿನ ಸದ್ದು ಕೇಳಿಸಿರಲಿಲ್ಲ. 'ಬೈಯುವಾಗ ಅವ ಮೊದಲಿನ ಹಾಗೇ ಇದ್ದ' ಎಂಬ ಮಾತಿನ ಬುಡದಲ್ಲಿ ಆ ಸಾಲು. ಉಳಿಸಿಕೊಳ್ಳಲೇ ಎಂದು ಯಂತ್ರ ಕೇಳಿತ್ತು, ಅವನು ಹೌದೆಂದಿದ್ದ.

ನಡುಬಾಗಿಲಿನಿಂದ ಅವಳು ಬಂದಳು. ಅವನ ಕಡೆ ನೋಡದೆ ಮೂರನೇ ಯಂತ್ರದ ಮುಸುಕು ತೆಗೆದಳು, ಮೇಜಿನ ಮೇಲಿಂದ ಹಾಳೆ ತಗೊಂಡು ಸಿಕ್ಕಿಸಿದಳು, ಬೆನ್ನು ನೆಟ್ಟಗೆ ಮಾಡಿ ಕೂತಳು. ಹದಿಮೂರು ಪೆಟ್ಟು, ಚಿಕ್ಕಂದಿನಲ್ಲಿ ಹೊಡೆಯುತ್ತಿದ್ದಷ್ಟೇ ನಿಧಾನ. ಹಾಳೆ ಎಳೆದು ತಂದು ಅವನ ಮುಂದೆ ಹಿಡಿದಳು.

"ಸಹಿ ಹಾಕಿ, ಸರ್."

ಅವನು ಹಾಳೆ ಇಸಿದುಕೊಂಡ. ಅವಳು ಕೈಕಟ್ಟಿ ನಿಂತೇ ಇದ್ದಳು, ಸಾಲಿನಲ್ಲಿ ಒಬ್ಬಳೇ. ತಲೆ ಎತ್ತಿ ನೋಡಿದ. ಅವಳ ಮುಖದಲ್ಲಿ ಸಿಟ್ಟಿದ್ದರೆ ಎದುರಿಸಬಹುದಿತ್ತು. ಅಲ್ಲಿದ್ದದ್ದು ಹೆದರಿಕೆ.

"ಎಲ್ಲೀವರೆಗೆ ಓದ್ದೆ ಅಪ್ಪಾ?"

"ಕಡೇವರೆಗೆ."

"ಚಪ್ಲಿದೂ?"

ಅವನು ಹೂಂ ಎಂದ. ಅವಳ ಕೆಳತುಟಿ ಒಂಬತ್ತು ವರ್ಷದವಳದ್ದರಂತೆ ಅದುರಿತು.

"ನನ್ನದೆಲ್ಲಾ ಓದಿದ್ರೂ ಅಡ್ಡಿಲ್ಲಾಗಿತ್ತು. ಅದೊಂದು ನಿಂಗೆ ಗೊತ್ತಾಗೂದು ಬೇಡಾಗಿತ್ತು" ಎಂದಳು. ಕಣ್ಣು ಒರೆಸಿಕೊಳ್ಳುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಹಾಕಲಿಲ್ಲ, ಆ ಬಾಗಿಲಿಗೆ ಚಿಲಕವೇ ಇರಲಿಲ್ಲ.

ಹಾಳೆ ಅವನ ಕೈಯಲ್ಲಿ ಉಳಿಯಿತು. ಕಣ್ಣು ಹಳೆಯ ಚಾಳಿಯಂತೆ ತಪ್ಪು ಹುಡುಕಿತು, ಒಂದೂ ಇರಲಿಲ್ಲ. ಕೆಂಪು ಪೆನ್ಸಿಲು ತೆಗೆದು ಸಾಲಿನ ಕೆಳಗೆ ಸಹಿ ಹಾಕಿದ, ತಾರೀಖು ಬರೆದ. ಇದಾದರೂ ತನ್ನ ಹೆಸರಿನಲ್ಲಿರಲಿ ಎಂದುಕೊಂಡ. ಅವಳಿಗೆ ಕೊಡಲು ಹೋಗುವ ಧೈರ್ಯವಾಗಲಿಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ತಳ್ಳಿದ. ಹಾಳೆ ಸ್ವಲ್ಪ ಹೊತ್ತು ಅಲ್ಲೇ ಅರ್ಧ ಈಚೆ ಅರ್ಧ ಆಚೆ ಇತ್ತು. ಆಮೇಲೆ ಯಾರೋ ಎಳೆದುಕೊಂಡರು.

ಕತ್ತಲಾಗುತ್ತಿತ್ತು. ದೀಪ ಹಾಕಲೆಂದು ಎದ್ದಾಗ ಹಲಗೆಯಾಚೆ ಮತ್ತೆ ಕೀಗಳ ಸದ್ದು ಶುರುವಾಯಿತು. ಒಂಬತ್ತು ಪೆಟ್ಟು, ಒಂದು ಬಿಡುವು, ಮತ್ತೆ ಅವೇ ಒಂಬತ್ತು. ಹೊಸ ಬೀಗ. ಎರಡೂ ಕೈ, ಮೂರನೆಯದು ಬಲಗೈಯ ನಡುಬೆರಳು, ನಾಲ್ಕನೆಯದು ಎಂದು ಕಿವಿ ಆಗಲೇ ಬಿಡಿಸಲು ಹೊರಟಿತ್ತು. ಇಷ್ಟಾದ ಮೇಲೂ. ಹಮ್ಮಣ್ಣ ದೀಪ ಹಾಕದೆಯೇ ತಿರುಗಿದ. ಸರಸರನೆ ಮೂರನೇ ಯಂತ್ರದ ಮುಂದೆ ಕೂತು ಒಂದು ಹಾಳೆ ಸಿಕ್ಕಿಸಿದ, ಬಲವಾಗಿ, ಮೊದಲ ದಿನ ಬಂದವರು ಹೊಡೆಯುವಂತೆ ಹೊಡೆಯತೊಡಗಿದ. ಎ ಎಸ್ ಡಿ ಎಫ್ ಜಿ ಎಫ್. ಸಾಲು ಮುಗಿದು ಗಂಟೆ ಬಾರಿಸಿದಾಗಲೆಲ್ಲ ಒಂದು ಕ್ಷಣ ಮೌನವಾಗುತ್ತಿತ್ತು, ಆ ಕ್ಷಣದಲ್ಲಿ ಆಚೆಯದು ಕೇಳುತ್ತದೆಂದು ರೋಲರನ್ನು ಧಡಾರನೆ ತಳ್ಳುತ್ತಿದ್ದ. ಹಾಳೆ ತುಂಬಿತು, ತಿರುವಿ ಹಾಕಿದ. ಆಚೆ ಅವಳ ಕೈ ಒಮ್ಮೆ ನಿಂತಂತಾಯಿತು. ಆಮೇಲೆ ಮುಂದುವರಿಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಹೀರಾ ದೀಪ ಹಾಕುತ್ತ ಬಾಗಿಲಿಗೆ ಬಂದಳು. "ಇಷ್ಟೊತ್ತಿಗೆ ಯಾರಿಗೆ ಕ್ಲಾಸು?"

"ಯಾರಿಗೂ ಇಲ್ಲ" ಎಂದ ಹಮ್ಮಣ್ಣ, ಕೈ ನಿಲ್ಲಿಸದೆ.